ಕಬ್ಬಾಳಿನ ಕಲ್ಲು ಬರೆದಿಟ್ಟ ಲೆಕ್ಕ

ಹೋದ ದೀಪಾವಳಿಗೆ ತಮ್ಮ ಪುಣೆಗೆ ಬರುವವನಿದ್ದ. ಅವನು ಬಸ್ಸು ಹತ್ತುವ ಮೊದಲೇ ಅಮ್ಮನ ಫೋನು ಬಂತು. ‘ನೀನಾದ್ರೂ ಅವನಿಗೆ ಬುದ್ಧಿ ಹೇಳಪ್ಪ. ಆರು ವರ್ಷ ಆಯ್ತು, ಇನ್ನೂ ಕಲ್ಲು ಉಜ್ಜುತಾ ಕೂತವ್ನೆ.’

ತಮ್ಮನದು ಭೂವಿಜ್ಞಾನದಲ್ಲಿ ಪಿಎಚ್.ಡಿ. ಐದು ವರ್ಷದ ಫೆಲೋಶಿಪ್ ಮುಗಿದಿತ್ತು, ಪ್ರಬಂಧ ಮುಗಿದಿರಲಿಲ್ಲ. ನಾನು ಎಂ.ಟೆಕ್ ಮಾಡಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ನಮ್ಮಲ್ಲಿ ಡೇಟಾ ಅನಾಲಿಸ್ಟ್ ಕೆಲಸವೊಂದು ಖಾಲಿ ಇತ್ತು. ಅವನನ್ನು ಅದಕ್ಕೆ ಸೇರಿಸಿಬಿಡಬೇಕು ಎಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ.

ಮರುದಿನ ಬೆಳಿಗ್ಗೆ ವೇತಾಳ ಟೇಕಡಿಗೆ ವಾಕಿಂಗ್ ಹೋದೆವು. ಅಲ್ಲಿರುವ ಹಳೆಯ ಕಲ್ಲುಕ್ವಾರಿಯ ಬಳಿ ಅವನು ಒಂದು ಕಪ್ಪು ಕಲ್ಲನ್ನು ಎತ್ತಿ ತೋರಿಸಿದ. ಅದರ ಪೊಟರೆಯಲ್ಲಿ ಬಿಳಿ ಹರಳು ತುಂಬಿತ್ತು. ‘ಇದು ಜಿಯೋಲೈಟ್ ಅಣ್ಣ. ಇಲ್ಲಿಯ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಆರಿದ ಮೇಲೆ ಬಿಸಿನೀರು ಓಡಾಡಿ ಈ ಹರಳು ಕಟ್ಟಿದೆ. ಯಾವ ಜಾತಿಯ ಜಿಯೋಲೈಟ್ ಅನ್ನೋದರ ಮೇಲೆ ಆ ನೀರು ಎಷ್ಟು ಬಿಸಿ ಇತ್ತು ಅಂತ ಅಂದಾಜು ಮಾಡಬಹುದು’ ಎಂದ. ಐಸ್‌ಲ್ಯಾಂಡಿನಲ್ಲಿ ಜಾರ್ಜ್ ವಾಕರ್ ಎಂಬ ವಿಜ್ಞಾನಿ ಇದೇ ಸುಳಿವು ಹಿಡಿದು, ಲಾವಾ ರಾಶಿಯ ಮೇಲಿನಿಂದ ಎಷ್ಟು ಭಾಗ ಸವೆದುಹೋಗಿದೆ ಎಂದು 1960ರಲ್ಲಿ ಲೆಕ್ಕ ಹಾಕಿದ್ದರಂತೆ.

‘ಅಂದ್ರೆ ಕಲ್ಲಿನೊಳಗೆ ಥರ್ಮಾಮೀಟರ್ ಇದೆ ಅನ್ನು’ ಎಂದೆ.

‘ಥರ್ಮಾಮೀಟರೂ ಇದೆ, ಒತ್ತಡ ಅಳೆಯೋ ಮೀಟರೂ ಇದೆ’ ಎಂದು ಅವನು ಕಯನೈಟಿನ ಕಥೆ ಹೇಳಿದ. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಈ ಮೂರೇ ಸೇರಿ ಅದೇ ಪ್ರಮಾಣದಲ್ಲಿ ಮೂರು ಬೇರೆ ಖನಿಜಗಳಾಗುತ್ತವೆ. ಒತ್ತಡ ಕಡಿಮೆಯಿದ್ದರೆ ಆಂಡಾಲುಸೈಟ್, ಹೆಚ್ಚಿದ್ದರೆ ಕಯನೈಟ್, ಶಾಖ ಹೆಚ್ಚಾದರೆ ಸಿಲಿಮನೈಟ್. ಸುಮಾರು 500 ಡಿಗ್ರಿ ಸೆಲ್ಸಿಯಸ್, ಗಾಳಿಯ ಒತ್ತಡದ ಸುಮಾರು 4,000 ಪಟ್ಟು ಇರುವ ಕಡೆ ಮಾತ್ರ ಮೂರೂ ಒಟ್ಟಿಗೆ ಬಾಳಬಲ್ಲವು. ಹೊಳೆನರಸೀಪುರದ ಕಡೆ ಕಯನೈಟ್ ಸಿಗುತ್ತದೆ. ಅದನ್ನು ಕಂಡ ಕೂಡಲೇ, ಈ ಕಲ್ಲು ಒಂದು ಕಾಲಕ್ಕೆ ಭೂಮಿಯ ಆಳದಲ್ಲಿತ್ತು ಎಂದು ಹೇಳಬಹುದು.

ನನಗೆ ಒಂದು ಅನುಮಾನ ಬಂತು. ಕಲ್ಲು ಮೇಲೆ ಬರುವಾಗ ತಣ್ಣಗಾಗುತ್ತದೆ, ಒತ್ತಡವೂ ಇಳಿಯುತ್ತದೆ. ಹಾಗಾದರೆ ಹಳೆಯ ದಾಖಲೆ ಅಳಿಸಿಹೋಗಬೇಕಲ್ಲ? ಅವನು ನಕ್ಕ. ‘ಅಳಿಸೋಕೆ ಶಾಖ ಬೇಕು, ನೀರು ಬೇಕು. ಕಾಯುವಾಗಲೇ ಬಹುಪಾಲು ನೀರು ಹೊರಗೆ ಹೋಗಿರುತ್ತೆ. ತಣ್ಣಗಾದ ಮೇಲೆ ಪರಮಾಣುಗಳು ಜಾಗ ಬಿಟ್ಟು ಕದಲಲ್ಲ. ಅದಕ್ಕೇ ಉಳಿಯೋದು.’

ಅವನ ಕೆಲಸ ನಡೆದಿರುವುದು ನಮ್ಮ ಊರ ಸೀಮೆಯಲ್ಲೇ. ಕನಕಪುರ ತಾಲ್ಲೂಕಿನ ಕಬ್ಬಾಳು ಅಂದರೆ ನಮಗೆ ಕಬ್ಬಾಳಮ್ಮ, ಹರಕೆ, ಜಾತ್ರೆ. ಭೂವಿಜ್ಞಾನಿಗಳಿಗೆ ಅದು ಬೇರೆಯೇ ಕಾರಣಕ್ಕೆ ಪುಣ್ಯಕ್ಷೇತ್ರ. ಅಲ್ಲಿಯ ಕ್ವಾರಿಯಲ್ಲಿ ಬೂದುಬಣ್ಣದ ನೈಸ್ ಶಿಲೆಯ ನಡುವೆ ಹಸಿರುಗಪ್ಪು ತೇಪೆಗಳಿವೆ. ಅವು ಚಾರ್ನಕೈಟ್. ಕಲ್ಕತ್ತಾದಲ್ಲಿರುವ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲಿನಿಂದ ಈ ಹೆಸರು ಬಂತು. ಒಂದು ಶಿಲೆ ಇನ್ನೊಂದಾಗುತ್ತಾ ಅರ್ಧಕ್ಕೇ ನಿಂತದ್ದು ಕಬ್ಬಾಳಿನಲ್ಲಿ ಕಣ್ಣಿಗೆ ಕಾಣುತ್ತದೆ. ಸಿ.ಎಸ್. ಪಿಚ್ಚಮುತ್ತು ಇದನ್ನು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1979ರಲ್ಲಿ ಅದೇ ಪತ್ರಿಕೆಯಲ್ಲಿ ಎ.ಎಸ್. ಜನಾರ್ದನ, ನ್ಯೂಟನ್ ಮತ್ತು ಸ್ಮಿತ್ ಇದಕ್ಕೆ ವಿವರಣೆ ಕೊಟ್ಟರು. ಗೇಣಗಲದಲ್ಲಿ ಶಾಖವೂ ಒತ್ತಡವೂ ಬೇರೆಯಾಗಲು ಸಾಧ್ಯವಿಲ್ಲ. ಬೇರೆಯಾದದ್ದು ಬಿರುಕಿನಲ್ಲಿ ನುಗ್ಗಿದ ಇಂಗಾಲದ ಡೈಆಕ್ಸೈಡ್. ಅದು ಬಂದ ಕಡೆ ನೀರಿನ ಪ್ರಮಾಣ ತಗ್ಗಿ, ನೀರು ಹಿಡಿದಿಟ್ಟುಕೊಂಡಿದ್ದ ಖನಿಜಗಳು ಒಡೆದು ಪೈರಾಕ್ಸೀನ್ ಹುಟ್ಟಿತು. ಇದು ನಡೆದದ್ದು ಸುಮಾರು 250 ಕೋಟಿ ವರ್ಷದ ಹಿಂದೆ, 700 ಡಿಗ್ರಿಗೂ ಮೀರಿದ ಶಾಖದಲ್ಲಿ, ಹೆಚ್ಚುಕಡಿಮೆ 20 ಕಿಲೋಮೀಟರ್ ಆಳದಲ್ಲಿ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ಹೋದಂತೆ ಕಲ್ಲುಗಳು ತೋರಿಸುವ ಒತ್ತಡ ಇನ್ನೂ ಏರುತ್ತದೆ. ಅಂದರೆ ದಕ್ಷಿಣಕ್ಕೆ ನಡೆದಷ್ಟೂ ನಾವು ಒಂದು ಕಾಲದ ಪಾತಾಳಕ್ಕೆ ಇಳಿಯುತ್ತಿರುತ್ತೇವೆ.

‘ಮತ್ತೆ ಆರು ವರ್ಷ ಯಾಕಾಯ್ತು?’ ಎಂದು ಕೊನೆಗೂ ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಗಾರ್ನೆಟ್ ಮತ್ತು ಬಯೋಟೈಟ್ ಎಂಬ ಅಭ್ರಕದಲ್ಲಿ ಕಬ್ಬಿಣ, ಮೆಗ್ನೀಷಿಯಂ ಹೇಗೆ ಹಂಚಿಕೆಯಾಗಿವೆ ಎಂದು ಎಲೆಕ್ಟ್ರಾನ್ ಕಿರಣದಿಂದ ಅಳೆಯುತ್ತಾರೆ. ಶಾಖ ಹೆಚ್ಚಿದ್ದಷ್ಟೂ ಗಾರ್ನೆಟ್ಟಿಗೆ ಮೆಗ್ನೀಷಿಯಂ ಹೆಚ್ಚು ಸೇರಿರುತ್ತದೆ. ಅವನಿಗೆ ಸಿಕ್ಕ ಸಂಖ್ಯೆಗಳೆಲ್ಲ ಕಡಿಮೆ ಬಂದವು. ಒಂದು ವರ್ಷ ಅದರ ಮೇಲೇ ಬರೆದ. ಆಮೇಲೆ ಗೊತ್ತಾಯಿತು, ಅಷ್ಟು ಬಿಸಿ ಕಂಡ ಕಲ್ಲಿನಲ್ಲಿ ತಣಿಯುವಾಗಲೂ ಈ ಎರಡು ಧಾತುಗಳು ಸ್ವಲ್ಪ ಕಾಲ ಜಾಗ ಬದಲಿಸುತ್ತಲೇ ಇರುತ್ತವೆ. ಅವನು ಅಳೆದದ್ದು ಹರಳಿನ ಅಂಚನ್ನು, ಅಂದರೆ ತಣಿದ ಹೊತ್ತಿನ ಶಾಖವನ್ನು. ಬರೆದ ಅಧ್ಯಾಯವನ್ನು ತಾನೇ ತೆಗೆದುಹಾಕಿದ. ಈಗ ಪೈರಾಕ್ಸೀನಿನೊಳಗಿನ ಅಲ್ಯೂಮಿನಿಯಂ ಅಳೆಯುತ್ತಿದ್ದಾನೆ, ಅದು ಸುಲಭಕ್ಕೆ ಜಾಗ ಬಿಡುವುದಿಲ್ಲ.

‘ಹಾಗೇ ಬಿಟ್ಟಿದ್ರೆ ಹೋದ ವರ್ಷವೇ ಡಿಗ್ರಿ ಸಿಕ್ತಿತ್ತೇನೋ. ಆದ್ರೆ ತಪ್ಪು ಅಂತ ನನಗೆ ಗೊತ್ತಿತ್ತಲ್ಲ ಅಣ್ಣ.’

ನಾನು ಲಾಗ್ ಓದಿ ಹೊಟ್ಟೆ ಹೊರೆಯುವವನು. ಕೊನೆಯ ಸಾಲು ನೋಡಿ ಇಡೀ ಕಥೆ ಗೊತ್ತಾಯಿತು ಎಂದುಕೊಂಡು ಎಷ್ಟು ಸಲ ಎಡವಿದ್ದೇನೆ ಎಂಬುದು ನನಗೇ ಗೊತ್ತು. ತಮ್ಮನ ವಿಷಯದಲ್ಲೂ ನಾನು ಅಂಚನ್ನಷ್ಟೇ ಓದಿದ್ದೆ. ಆರು ವರ್ಷ, ಸಂಬಳ ಇಲ್ಲ, ಅಷ್ಟೇ.

ಡೇಟಾ ಅನಾಲಿಸ್ಟ್ ಕೆಲಸದ ಮಾತು ಎತ್ತಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ, ‘ಇನ್ನೊಂದು ವರ್ಷ ಅವನ ಖರ್ಚು ನಾನು ನೋಡ್ಕೋತೀನಿ, ಬಿಡು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅದೇನೈತಂತೆ ಆ ಕಲ್ಲಲ್ಲಿ?’ ಎಂದಳು ಅಮ್ಮ.

ಫೋನನ್ನು ತಮ್ಮನ ಕೈಗೆ ಕೊಟ್ಟೆ. ಅವನು ಕಬ್ಬಾಳಮ್ಮನ ಬೆಟ್ಟದಿಂದಲೇ ಶುರು ಮಾಡಿದ.