ನಿಮಗಿದು ಗೊತ್ತೇ? ನೆಡುತೋಪೂ ಕಾಡೂ ಒಂದಲ್ಲ

ನೀಲಗಿರಿ ಮರ ಭಾರತಕ್ಕೆ ಮೊದಲು ಬಂದದ್ದು ನೀಲಗಿರಿ ಬೆಟ್ಟಕ್ಕಲ್ಲ, ನಮ್ಮ ನಂದಿ ಬೆಟ್ಟಕ್ಕೆ! ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ಆಸ್ಟ್ರೇಲಿಯಾ ಮೂಲದ ಬೀಜ ತರಿಸಿ ಅಲ್ಲಿನ ತೋಟದಲ್ಲಿ ನೆಡಿಸಿದ. ಊಟಿಯ ಬೆಟ್ಟಸಾಲಿಗೆ ಅದು ಕಾಲಿಟ್ಟದ್ದು ಅರ್ಧ ಶತಮಾನ ಕಳೆದ ಮೇಲೆ, 1843ರ ಹೊತ್ತಿಗೆ. ಅಲ್ಲಿನ ಚಳಿಗೆ ಬ್ರಿಟಿಷರಿಗೆ ಸೌದೆ ಬೇಕಿತ್ತು. ಹೆಸರು ಮಾತ್ರ ಆ ಬೆಟ್ಟದ್ದೇ ಉಳಿಯಿತು.

ನೀವು ತೊಟ್ಟ ರೇಯಾನ್ ಬಟ್ಟೆ ಒಂದು ಕಾಲಕ್ಕೆ ಮರವಾಗಿತ್ತು ಎಂಬುದು ಗೊತ್ತೇ? ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಸಣ್ಣ ತೂತುಗಳಿಂದ ಎಳೆ ತೆಗೆದರೆ ರೇಯಾನ್ ನೂಲು ಸಿದ್ಧ. ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಬೇಕಾದದ್ದು ಇದಕ್ಕೇ. ಈ ಕಾರ್ಖಾನೆಯ ಹೆಸರು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ರಬ್ಬರ್ ತೋಟ ಕಾಡು, ಎಣ್ಣೆತಾಳೆ ತೋಟ ಕಾಡಲ್ಲ! ಭಾರತದ ಅರಣ್ಯ ಸಮೀಕ್ಷೆಯ ವ್ಯಾಖ್ಯೆ ಇನ್ನೂ ಉದಾರ. ಒಂದು ಹೆಕ್ಟೇರಿಗಿಂತ ಹೆಚ್ಚು ಜಾಗವಿದ್ದು, ಅದರ ಮೇಲೆ ನೂರಕ್ಕೆ 10 ಭಾಗಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಸಾಕು. ಅದು ಹಣ್ಣಿನ ತೋಟವೇ ಆಗಿರಲಿ, ಯಾರ ಹೆಸರಿನಲ್ಲೇ ಇರಲಿ, 'ಅರಣ್ಯ ಹೊದಿಕೆ'ಯ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಕಾಡು ಹೋಗಿ ಅಕೇಶಿಯಾ ಎದ್ದರೂ ಪಟ್ಟಿಯಲ್ಲಿ ಹಸಿರು ಕಡಿಮೆಯಾಗುವುದಿಲ್ಲ. 'ಅರಣ್ಯ ಹೆಚ್ಚಿದೆ' ಎಂಬ ಸುದ್ದಿ ಓದುವಾಗಲೆಲ್ಲ ಯಾವ ಮರ ಹೆಚ್ಚಿದೆ ಎಂದು ಕೇಳಲೇಬೇಕು ಅನ್ನಿಸುತ್ತದೆ ನನಗೆ.

2020ರ ಜಾಗತಿಕ ಲೆಕ್ಕದಂತೆ ಕಟ್ಟುನಿಟ್ಟಾಗಿ ಸಾಲು ಹಿಡಿದು ಬೆಳೆಸಿದ ನೆಡುತೋಪು 13.1 ಕೋಟಿ ಹೆಕ್ಟೇರ್, ಭೂಮಿಯ ಒಟ್ಟು ಕಾಡಿನ ಶೇ. 3. ದಕ್ಷಿಣ ಅಮೆರಿಕದಲ್ಲಿ ಇಂಥ ತೋಪುಗಳ ಶೇ. 97 ಭಾಗದಲ್ಲಿ ನಿಂತಿರುವುದು ಹೊರಗಿನಿಂದ ಬಂದ ಮರಗಳೇ.

ಮಲೆನಾಡಿನ ರಸ್ತೆಬದಿಯ ಅಕೇಶಿಯಾದಲ್ಲಿ ಕುಡುಗೋಲಿನ ಹಾಗೆ ಬಾಗಿದ ಎಲೆ ನೋಡಿದ್ದೀರಲ್ಲ? ಅದು ಎಲೆಯೇ ಅಲ್ಲ! ಎಲೆಯ ತೊಟ್ಟು ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತಿದೆ, ಅಷ್ಟೇ. ಬೀಜ ಮೊಳೆತಾಗ ಮೊದಲು ಬರುವುದು ಜಾಲಿಯಂಥ ಗರಿಗರಿ ಎಲೆ. ಸಸಿ ಬೆಳೆದಂತೆ ಅದು ಹೋಗಿ ಈ ತೊಟ್ಟುಗಳೇ ಉಳಿಯುತ್ತವೆ. ತೊಗಲಿನಂಥ ಇದು ನೆಲಕ್ಕೆ ಬಿದ್ದರೆ ಬೇಗ ಕೊಳೆಯುವುದಿಲ್ಲ. ಬೇಸಿಗೆಗೆ ದಪ್ಪ ಹಾಸಾಗಿ ಬೆಂಕಿಗೆ ಕಾದಿರುತ್ತದೆ. ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು, ತರಗೆಲೆ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆಯ ಬುಡಕ್ಕೆ ಹಾಕುವವರಿಗೆ ಇದರ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹಾಗೆಂದು ಆ ಮರದ ಗುಣ ಮುಚ್ಚಿಡುವುದು ಬೇಡ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಬೋಳು ಗುಡ್ಡದಲ್ಲೂ ಅದು ಬದುಕುವುದು ಹಾಗೆ.

ನೀಲಗಿರಿಯನ್ನು ದನ ಮೇಯುವುದಿಲ್ಲ. ಹಳ್ಳಿಯ ನೆಲದಲ್ಲಿ ಸರ್ಕಾರ ಮರ ನೆಡಿಸಿದ 'ಸಾಮಾಜಿಕ ಅರಣ್ಯ' ಯೋಜನೆಯ ಕಾಲದಲ್ಲಿ ಇದನ್ನೇ ದೊಡ್ಡ ಗುಣವೆಂದು ಎಣಿಸಿದರು, ಬೇಲಿಯ ಖರ್ಚು ಉಳಿಯಿತಲ್ಲ! ಗೋಮಾಳದಲ್ಲಿ ದನ ಮೇಯದ ಮರ ನೆಟ್ಟರೆ ದನ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಹಳ್ಳಿಯವರಿಗೇ ಉಳಿಯಿತು.

'ನೀಲಗಿರಿ ನೆಲದ ನೀರು ಕುಡಿಯುತ್ತದೆ' ಎಂದು ಬಯಲುಸೀಮೆಯ ರೈತರು ಹೇಳಿದ್ದನ್ನು ಅಳೆದು ನೋಡಿದವರಿದ್ದಾರೆ ಎಂಬುದು ಗೊತ್ತೇ? 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿಗಳೂ ನಮ್ಮ ಅರಣ್ಯ ಸಂಶೋಧಕರೂ ಸೇರಿ ಶಿವಮೊಗ್ಗದ ಕಡೆ ಮತ್ತು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಮರಗಳ ನೀರಿನ ಖರ್ಚನ್ನು ವರ್ಷಗಟ್ಟಲೆ ಅಳೆದರು. ಸಿಕ್ಕ ಉತ್ತರ ನೀಲಗಿರಿಯ ಪರ, ವಿರೋಧ ಎರಡೂ ಪಕ್ಷದವರಿಗೆ ಪಾಠದಂತಿದೆ. ಶಿವಮೊಗ್ಗದ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಸಹಜ ಒಣ ಕಾಡು ಬಳಸಿದಷ್ಟೇ. ಆದರೆ ರಾಗಿ ಹೊಲಕ್ಕೆ ಹೋಲಿಸಿದರೆ ಸುಮಾರು ಎರಡು ಪಟ್ಟು! ಹೊಸಕೋಟೆಯಲ್ಲಿ ಮಣ್ಣು ಆಳವಾಗಿತ್ತು. ಅಲ್ಲಿ ಬೇರು 8 ಮೀಟರಿಗೂ ಕೆಳಗಿಳಿದು, ಎಷ್ಟೋ ವರ್ಷಗಳಿಂದ ಕೂಡಿಟ್ಟಿದ್ದ ತೇವವನ್ನು ಎಳೆಯುತ್ತಿತ್ತು. ಮೂರು ವರ್ಷದಲ್ಲಿ ಬಿದ್ದ ಮಳೆಗಿಂತ ಮರಗಳು ಖರ್ಚು ಮಾಡಿದ ನೀರೇ ಹೆಚ್ಚು. ಕಾಡಿದ್ದ ಜಾಗದಲ್ಲಿ ನೆಟ್ಟರೆ ನೀರಿನ ಲೆಕ್ಕ ಒಂದು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನೆಟ್ಟರೆ ಲೆಕ್ಕವೇ ಬೇರೆ. ಕೋಲಾರದಂಥ ಬಯಲುಸೀಮೆಯ ರೈತರು ನೋಡಿದ್ದು ಎರಡನೆಯದನ್ನು. ಅವರ ಮಾತಿಗೆ ಆಗಲೇ ಬೆಲೆ ಸಿಗಬೇಕಿತ್ತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಹುಲ್ಲುಗಾವಲು, ಕುರುಚಲು ಇದ್ದಲ್ಲಿ ತೋಪು ಎಬ್ಬಿಸಿದಾಗ ಏನಾಯಿತೆಂದು ಜಗತ್ತಿನ ಹಲವು ಕಡೆಯ ಅಳತೆಗಳನ್ನು ಒಟ್ಟುಹಾಕಿದ ಅಧ್ಯಯನವೊಂದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹೊಳೆಗಳ ಹರಿವು ಸರಾಸರಿ ಶೇ. 52ರಷ್ಟು ಇಳಿದಿತ್ತು. ನೂರಕ್ಕೆ 13 ಹೊಳೆಗಳು ಕನಿಷ್ಠ ಒಂದು ವರ್ಷ ಪೂರ್ತಿ ಬತ್ತಿದ್ದವು.

ದಕ್ಷಿಣ ಆಫ್ರಿಕಾದ 1998ರ ಜಲ ಕಾಯ್ದೆಯಲ್ಲಿ ವ್ಯಾಪಾರಿ ನೆಡುತೋಪು 'ಹೊಳೆಯ ಹರಿವು ತಗ್ಗಿಸುವ ಚಟುವಟಿಕೆ'! ಅಲ್ಲಿ ತೋಪು ಎಬ್ಬಿಸುವುದಕ್ಕೆ ನೀರಿನ ಪರವಾನಗಿ ಬೇಕು.

ಸಸಿ ಕೀಳುವುದೂ ಪರಿಸರ ಹೋರಾಟವಾದದ್ದುಂಟು, ಅದೂ ನಮ್ಮ ನೆಲದಲ್ಲಿ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗಕ್ಕೆ ಹುಣಸೆ, ಮಾವು ಹಾಕಿದರು. ಮರುವರ್ಷ, 1984ರಲ್ಲಿ, ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಅದಕ್ಕೆ ಕೊಡಲು ಗುರುತಿಸಿದ ಭೂಮಿ 30 ಸಾವಿರ ಹೆಕ್ಟೇರ್, 75 ಸಾವಿರ ಎಕರೆಯ ಹತ್ತಿರ! ಕಡತದಲ್ಲಿ ಅದಕ್ಕೆ 'ಸಿ ಮತ್ತು ಡಿ ದರ್ಜೆ ಜಮೀನು' ಎಂಬ ಹೆಸರು, ಅಂದರೆ ಪಾಳು. ಹಳ್ಳಿಯವರಿಗೆ ಅದೇ ಸೌದೆ, ಮೇವು, ಸೊಪ್ಪು, ಬಿದಿರು ಕೊಡುವ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜೊತೆ ಸಾಹಿತಿ ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಆ ಸತ್ಯಾಗ್ರಹದ ಹೆಸರು 'ಕಿತ್ತಿಕೋ ಹಚ್ಚಿಕೋ'. ಉತ್ತರ ಕರ್ನಾಟಕದ ಬಾಯಲ್ಲಿ ಹುಟ್ಟಿದ ಈ ಎರಡು ಶಬ್ದದಲ್ಲಿ ತಕರಾರೂ ಇದೆ, ಪರಿಹಾರವೂ ಇದೆ. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು.

ಒಂದು ಎಕರೆ ರಾಗಿಗೆ ಉಳುವವರು, ಬಿತ್ತುವವರು, ಕಳೆ ತೆಗೆಯುವವರು, ಕೊಯ್ಯುವವರು, ಒಕ್ಕುವವರು ಎಲ್ಲರೂ ಬೇಕು. ನೀಲಗಿರಿ ನೆಟ್ಟರೆ ಮುಂದಿನ ಕೆಲಸ ಐದಾರು ವರ್ಷಕ್ಕೊಮ್ಮೆ ಬರುವ ಕಟಾವು. ಬುಡ ಮತ್ತೆ ಚಿಗುರುವುದರಿಂದ ಮರಳಿ ನೆಡುವ ಕೂಲಿಯೂ ಇಲ್ಲ. ಊರು ಬಿಟ್ಟು ಪಟ್ಟಣ ಸೇರಿದ ಜಮೀನುದಾರನಿಗೆ ಇದಕ್ಕಿಂತ ಅನುಕೂಲದ ಬೆಳೆ ಇರಲಿಲ್ಲ. ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳ ಕೂಲಿ ಹೋದದ್ದು ಯಾವ ಅರಣ್ಯ ವರದಿಯ ತಲೆಬರಹವೂ ಆಗಲಿಲ್ಲ.

ಜಗತ್ತಿನ ಅತ್ಯಂತ ಹಳೆಯ ತೇಗದ ನೆಡುತೋಪು ನಮ್ಮ ನೆರೆಯಲ್ಲೇ ಇದೆ, ಕೇರಳದ ನಿಲಂಬೂರಿನಲ್ಲಿ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಇದನ್ನು ಎಬ್ಬಿಸಿದ. ಬ್ರಿಟಿಷರಿಗೆ ಹಡಗು ಕಟ್ಟಲು ತೇಗ ಬೇಕಿತ್ತು. ಮುಂದೆ ಬರ್ಮಾದಲ್ಲಿ ಸರ್ಕಾರ ಇನ್ನೊಂದು ದಾರಿ ಕಂಡುಕೊಂಡಿತು. ಕಾಡು ಸವರಿ ಬೇಸಾಯ ಮಾಡುತ್ತಿದ್ದ ಕರೆನ್ ಜನರಿಗೆ, 'ಉತ್ತು ಬಿತ್ತಿಕೊಳ್ಳಿ, ಆದರೆ ಬೆಳೆಯ ನಡುವೆ ತೇಗ ನೆಡಿ' ಎಂದಿತು. ನೆರಳು ಕೂಡಿ ಬೆಳೆ ಬಾರದಂತಾದಾಗ ಅವರು ಜಾಗ ಖಾಲಿ ಮಾಡಬೇಕು, ತೇಗ ಸರ್ಕಾರದ್ದು. 'ಟೌಂಗ್ಯಾ' ಎಂಬ ಈ ಪದ್ಧತಿ ಅಲ್ಲಿಂದ ಉಷ್ಣವಲಯದ ಉದ್ದಗಲಕ್ಕೂ ಹರಡಿತು. ಸುರಿದ ಬೆವರು ಯಾರದ್ದು, ಮರ ಯಾರದ್ದು ನೋಡಿ!

ಜಾವಾದ ತೇಗದ ಕಾಡಿನಲ್ಲಿ 1890ರ ಹೊತ್ತಿಗೆ ಸುರೊಂತಿಕೊ ಸಾಮಿನ್ ಎಂಬ ರೈತ ಡಚ್ಚರ ಅರಣ್ಯ ನಿಯಮಕ್ಕೂ ತೆರಿಗೆಗೂ ತಲೆಬಾಗದೆ ನಿಂತ. ಅವನ ಹಿಂದೆ ಸಾವಿರಾರು ಜನ ನಿಂತರು, ಕೈಯಲ್ಲಿ ಆಯುಧವಿಲ್ಲದೆ.

ನಮ್ಮ ಶಿವನೆ ಮರ ಅಮೆಜಾನಿಗೂ ಹೋಗಿತ್ತು! 1967ರಲ್ಲಿ ಅಮೆರಿಕದ ಕೋಟ್ಯಧಿಪತಿ ಡೇನಿಯಲ್ ಲುಡ್‌ವಿಗ್ ಬ್ರೆಜಿಲಿನ ಜಾರಿ ನದಿಯ ಬಳಿ ಅಪಾರ ಭೂಮಿ ಕೊಂಡು, ಮಳೆಕಾಡು ಕಡಿಸಿ ಶಿವನೆ ನೆಡಿಸಿದ. ಕಾಗದದ ತಿರುಳು ಮಾಡುವ ಕಾರ್ಖಾನೆಯನ್ನು ಜಪಾನಿನಲ್ಲಿ ಕಟ್ಟಿಸಿ, 1978ರಲ್ಲಿ ಇಡಿಯಾಗಿ ಸಮುದ್ರದ ಮೇಲೆ ತೇಲಿಸಿಕೊಂಡು ತಂದ. ಕಾರ್ಖಾನೆ ಬಂತು, ಮರ ಬರಲಿಲ್ಲ. ಬುಲ್‌ಡೋಜರ್ ಓಡಿ ಮೇಲ್ಮಣ್ಣು ಗಟ್ಟಿಯಾಗಿತ್ತು, ಎಷ್ಟೋ ಕಡೆ ಶಿವನೆ ನಿರೀಕ್ಷಿಸಿದಂತೆ ಏಳಲಿಲ್ಲ. 1982ರಲ್ಲಿ ಅವನು ಎಲ್ಲ ಬಿಟ್ಟು ಹೊರಟ.

ರಬ್ಬರ್ ಹುಟ್ಟಿದ್ದು ಅಮೆಜಾನಿನಲ್ಲಿ, ತೋಟವಾಗಿ ಬದುಕಿದ್ದು ಏಷ್ಯಾದಲ್ಲಿ. ತವರಿನಲ್ಲಿ ಒತ್ತೊತ್ತಾಗಿ ನೆಟ್ಟರೆ ಎಲೆ ತಿನ್ನುವ ಶಿಲೀಂಧ್ರವೊಂದು ಮರದಿಂದ ಮರಕ್ಕೆ ಹಾರುತ್ತದೆ. 1928ರಲ್ಲಿ ಹೆನ್ರಿ ಫೋರ್ಡ್ ಅಲ್ಲಿ ಕಟ್ಟಿದ 'ಫೋರ್ಡ್‌ಲಾಂಡಿಯಾ' ಸೋತದ್ದಕ್ಕೆ ಅದೂ ಒಂದು ಕಾರಣ. ಕಾಡಿನಲ್ಲಿ ರಬ್ಬರ್ ಮರಗಳು ದೂರ ದೂರ ಚದುರಿ ನಿಂತಿರುವುದು ಸುಮ್ಮನೆ ಅಲ್ಲ.

ಸುಳ್ಯದ ರಬ್ಬರ್ ತೋಪಿನಲ್ಲಿ ತಮಿಳು ಏಕೆ ಕೇಳಿಸುತ್ತದೆ, ಗೊತ್ತೇ? ಬ್ರಿಟಿಷರ ಕಾಲದಲ್ಲಿ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಕೂಲಿಗೆ ಹೋದ ತಮಿಳರ ಮೊಮ್ಮಕ್ಕಳು ಅಲ್ಲಿಯ ಪೌರತ್ವ ಸಿಗದೆ ಉಳಿದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಲಕ್ಷಗಟ್ಟಲೆ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರಿಗೆ ನೆಲೆ ಕೊಡಲೆಂದೇ ಸುಳ್ಯ, ಪುತ್ತೂರಿನ ಕಾಡು ಸವರಿ ಸರ್ಕಾರಿ ರಬ್ಬರ್ ತೋಪು ಎದ್ದಿತು. ಅಜ್ಜ ಒಂದು ತೋಟಕ್ಕಾಗಿ ಸಮುದ್ರ ದಾಟಿದ, ಮೊಮ್ಮಗ ಇನ್ನೊಂದು ತೋಟಕ್ಕಾಗಿ ಮರಳಿ ದಾಟಿದ. ನಸುಕಿನಲ್ಲೇ ಎದ್ದು ಟ್ಯಾಪಿಂಗ್‌ಗೆ ಹೋಗುವ ಈ ಕುಟುಂಬಗಳನ್ನು ಬಿಟ್ಟು ಆ ತೋಪಿನ ಸರಿ-ತಪ್ಪು ಹೇಳುವುದು ನನ್ನಿಂದಾಗದು. ಕಾಡು ಹೋಯಿತು, ನಿಜ. ನೆಲೆ ಇಲ್ಲದವರಿಗೆ ನೆಲೆ ಸಿಕ್ಕಿತು, ಅದೂ ನಿಜ.

ನೀಲಗಿರಿ ಬೆಟ್ಟದ ಮೇಲಿನ ಹುಲ್ಲುಗಾವಲನ್ನು 'ಖಾಲಿ ಜಾಗ' ಎಂದು ತಿಳಿದು ಅಲ್ಲಿ ವ್ಯಾಟಲ್ ಎಂಬ ಮರ ನೆಟ್ಟರು. ಅದರ ತೊಗಟೆ ಚರ್ಮ ಹದ ಮಾಡಲು ಬೇಕಿತ್ತು. ಆ ಖಾಲಿ ಜಾಗದಲ್ಲಿ ತೋಡ ಬುಡಕಟ್ಟಿನವರ ಎಮ್ಮೆಗಳು ಮೇಯುತ್ತಿದ್ದವು, ಅವರ ಗುಡಿಗಳಿಗೆ ಹೊದಿಸುವ ಹುಲ್ಲು ಬೆಳೆಯುತ್ತಿತ್ತು, ಪಶ್ಚಿಮ ಘಟ್ಟದ ಎತ್ತರದ ಹುಲ್ಲು ಬಿಟ್ಟರೆ ಬೇರೆಲ್ಲೂ ಇರದ ನೀಲಗಿರಿ ಪಿಪಿಟ್ ಎಂಬ ಹಕ್ಕಿ ಗೂಡು ಕಟ್ಟುತ್ತಿತ್ತು.

2015ರಲ್ಲಿ ಇಂಡೊನೇಷ್ಯಾದಲ್ಲಿ ಸುಟ್ಟ ನೆಲ ಸುಮಾರು 26 ಲಕ್ಷ ಹೆಕ್ಟೇರ್! ಎಣ್ಣೆತಾಳೆಗೂ ಕಾಗದದ ಅಕೇಶಿಯಾಕ್ಕೂ ಜೌಗು ನೆಲದ ನೀರನ್ನು ಕಾಲುವೆ ತೋಡಿ ಬಸಿದರೆ, ಸಾವಿರಾರು ವರ್ಷ ಕೊಳೆಯದೆ ಕೂತಿದ್ದ ಕಪ್ಪು ಸಸ್ಯಮಣ್ಣು ಒಣಗಿ ಸೌದೆಯಂತಾಗುತ್ತದೆ. ಬೆಂಕಿ ನೆಲದೊಳಗೇ ವಾರಗಟ್ಟಲೆ ಹರಿದಾಡುತ್ತದೆ. ಆ ವರ್ಷದ ಹೊಗೆಗೆ ಸಿಂಗಪುರದಲ್ಲೂ ಶಾಲೆ ಮುಚ್ಚಬೇಕಾಯಿತು.

ಹವಾಮಾನಕ್ಕಾಗಿ ಮರ ನೆಡುತ್ತೇವೆ ಎಂದು ದೇಶಗಳು ಕೊಟ್ಟ ಮಾತಿನ ಶೇ. 45 ಭಾಗ ವ್ಯಾಪಾರಿ ನೆಡುತೋಪು ಎಂದು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳು ತೋರಿಸಿದರು. ಅವರ ಲೆಕ್ಕದಂತೆ ಇಂಗಾಲ ಹಿಡಿದಿಡುವುದರಲ್ಲಿ ಸಹಜವಾಗಿ ಮರಳಿದ ಕಾಡು ಇಂಥ ತೋಪಿಗಿಂತ 40 ಪಟ್ಟು ಮೇಲು. ಕೆಲವೇ ವರ್ಷಕ್ಕೆ ಕಡಿದು ಕಾಗದ ಮಾಡಿದರೆ, ಆ ಕಾಗದ ಕಸವಾದಾಗ ಇಂಗಾಲ ಮತ್ತೆ ಗಾಳಿಗೇ ಸೇರುತ್ತದಲ್ಲ.

ಭದ್ರಾವತಿಯ ಮೈಸೂರು ಪೇಪರ್ ಮಿಲ್‌ನ ಯಂತ್ರಗಳು 2015ರ ಸುಮಾರಿಗೆ ನಿಂತವು. ಅದಕ್ಕೆ ಗುತ್ತಿಗೆ ಕೊಟ್ಟಿದ್ದ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯಭೂಮಿಯ 40 ವರ್ಷದ ಅವಧಿ 2020ರಲ್ಲಿ ಮುಗಿಯಿತು. ಅದೇ ವರ್ಷ ಸರ್ಕಾರ ಮತ್ತೆ 40 ವರ್ಷಕ್ಕೆ ಗುತ್ತಿಗೆ ಮುಂದುವರಿಸಿತು! ಕಾರ್ಖಾನೆ ಓಡದಿರುವಾಗ ಅಕೇಶಿಯಾ ಯಾರಿಗೆ ಎಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಜನ ಬೀದಿಗಿಳಿದರು. ಅವರ ಕೂಗು: 'ನಮ್ಮೂರಿಗೆ ಅಕೇಶಿಯಾ ಮರ ಬೇಡ'.

ಕೊನೆಗೊಂದು. ಪಕ್ಕದಲ್ಲಿ ಹಳೆಯ ಕಾಡಿದ್ದು, ಹಲವು ವರ್ಷ ಯಾರೂ ಕೈಹಾಕದೆ ಬಿಟ್ಟ ಅಕೇಶಿಯಾ ತೋಪಿನೊಳಗೆ ಒಮ್ಮೆ ಬಗ್ಗಿ ನೋಡಿ. ಹಕ್ಕಿ, ಬಾವಲಿಗಳು ಉದುರಿಸಿದ ಬೀಜಗಳಿಂದ ನೇರಳೆ, ದಾಲ್ಚಿನ್ನಿಯಂಥ ಸಸಿಗಳು ಆ ನೆರಳಲ್ಲಿ ತಾವಾಗಿ ಏಳುತ್ತಿರುತ್ತವೆ. ಯಾರೂ ನೆಡದ ಕಾಡು ಅದು. ಕಟಾವಿನ ಟೆಂಡರಿನಲ್ಲಿ ಅಕೇಶಿಯಾಕ್ಕೆ ಟನ್ನಿನ ಲೆಕ್ಕವಿರುತ್ತದೆ. ಈ ಸಸಿಗಳಿಗೆ ಕಾಲಂ ಇರುವುದಿಲ್ಲ.