ಸೋರುವ ಸಿಲಿಂಡರ್: ತಪ್ಪು ಸೀಲಿನದೋ, ರಾಡಿನದೋ?

ಬೇಸಿಗೆ ಮುಗಿಯುತ್ತ ಬಂದಂತೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ರೋಹಿಣಿ ಮಳೆ ಬೀಳುವ ಮೊದಲು ತಿಪ್ಪೆಗೊಬ್ಬರ ಹೊಲ ಸೇರಬೇಕು. ಮುಂದೆ ಲೋಡರ್ ಹೊತ್ತ ಹಳೆಯ ಟ್ರ್ಯಾಕ್ಟರ್ ಒಂದಿದ್ದರೆ ಹತ್ತಾರು ಆಳುಗಳು ಬುಟ್ಟಿ ಹೊರುವುದು ತಪ್ಪುತ್ತದೆ. ಆದರೆ ಅದರ ಸಿಲಿಂಡರಿನ ಬಾಯಲ್ಲಿ ಎಣ್ಣೆ ಜಿನುಗಿ, ಹೊಳೆಯುವ ರಾಡಿಗೆ ಎರೆಮಣ್ಣಿನ ಧೂಳು ಅಂಟಿಕೊಂಡಿರುತ್ತದೆ. ‘ಸೀಲ್ ಹೋಗೇತಿ, ಹೊಸಾದು ಹಾಕಿ ಕೊಡ್ರಿ’ ಎನ್ನುತ್ತಾನೆ ಮಾಲೀಕ. ಹಾಕಿದ್ದೂ ಆಗುತ್ತದೆ. ಹದಿನೈದು ದಿನಕ್ಕೆ ಮತ್ತೆ ಸೋರುತ್ತದೆ!

ಏಕೆ ಹೀಗೆ? ಪ್ರೌಢಶಾಲೆಯಲ್ಲಿ ಓದುವ ಪ್ಯಾಸ್ಕಲ್ ನಿಯಮವನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 63 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡದ ಎಣ್ಣೆ ಅದನ್ನು ತಳ್ಳಿದರೆ ನಾಲ್ಕೂವರೆ ಟನ್ನಿಗೂ ಮೀರಿದ ಬಲ ಹುಟ್ಟುತ್ತದೆ. ಅಷ್ಟು ಬಲವನ್ನು ಸೋರದಂತೆ ಹಿಡಿದಿಡುವುದು ಬೆರಳಿಗೆ ತೊಡಿಸಿದರೆ ಬಳೆಯಂತೆ ಜೋತಾಡುವ ಒಂದು ಮೆತ್ತನೆಯ ಉಂಗುರ. ಅದೇ ಸೀಲು.

ಈ ತಲೆನೋವು ಹೊಸದಲ್ಲ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಆದರೆ ಒತ್ತಡ ಏರಿದಂತೆ ಪಿಸ್ಟನ್ ಸುತ್ತ ನೀರು ಚಿಮ್ಮುತ್ತಿತ್ತು. ಬಿಗಿಯಾಗಿ ತುರುಕಿದರೆ ಪಿಸ್ಟನ್ ಅಲುಗುತ್ತಿರಲಿಲ್ಲ, ಸಡಿಲ ಬಿಟ್ಟರೆ ಸೋರುತ್ತಿತ್ತು. ಅದಕ್ಕೆ ಉಪಾಯ ಹುಡುಕಿದವನು ಅವನದೇ ಕಾರ್ಖಾನೆಯ ಕೆಲಸಗಾರ ಹೆನ್ರಿ ಮಾಡ್ಸ್ಲೆ ಎನ್ನುತ್ತಾರೆ. ಹನ್ನೆರಡನೆಯ ವಯಸ್ಸಿಗೇ ದುಡಿಮೆಗೆ ಬಿದ್ದ ಹುಡುಗ ಅವನು. ಬಟ್ಟಲಿನಂತೆ ಮಡಿಸಿದ ಚರ್ಮದ ಪಟ್ಟಿಯ ಒಳಗೆ ನೀರೇ ನುಗ್ಗಿ, ಅದರ ತುಟಿಯನ್ನು ಹೊರಕ್ಕೆ ಒತ್ತಿ ಹಿಡಿಯುವಂತೆ ಮಾಡಿದ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚು! ನಮ್ಮ ಊರುಗಳ ಕೈಪಂಪಿನ ಚರ್ಮದ ವಾಷರನ್ನು ಬಿಚ್ಚಿ ನೋಡಿದವರಿಗೆ ಈ ಯುಕ್ತಿ ಗುರುತು ಸಿಗುತ್ತದೆ. ಈಗ ಚರ್ಮದ ಬದಲು ನೈಟ್ರೈಲ್ ರಬ್ಬರ್, ಪಾಲಿಯುರಿಥೇನ್ ಬಂದಿವೆ, ಯುಕ್ತಿ ಅದೇ. (ವಾರಕ್ಕೆ 30 ಷಿಲಿಂಗಿನ ಸಂಬಳ ಹೆಚ್ಚಿಸಲು ಧಣಿ ಒಪ್ಪದಿದ್ದಾಗ ಮಾಡ್ಸ್ಲೆ 1797ರಲ್ಲಿ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ತೆರೆದ.)

ಆದ್ದರಿಂದ ಸೀಲಿನ ತುಟಿ ಯಾವ ಕಡೆಗೆ ಎಂಬುದೇ ಮೊದಲ ಪಾಠ. ಅದು ಯಾವಾಗಲೂ ಒತ್ತಡದ ಎಣ್ಣೆಯತ್ತ ಮುಖ ಮಾಡಿರಬೇಕು. ತಿರುಗಾಮುರುಗಾ ಕೂರಿಸಿದರೆ ಎಷ್ಟೇ ದುಬಾರಿ ಸೀಲಾದರೂ ಹಿಡಿಯದು.

ಎರಡನೆಯ ಪಾಠ, ತೆಗೆದ ಹಳೆಯ ಸೀಲನ್ನು ಕಸದ ಡಬ್ಬಕ್ಕೆ ಎಸೆಯಬಾರದು ಎಂಬುದು. ಅದು ಸಾಕ್ಷಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಣ್ಣೆ ವಿಪರೀತ ಕಾದಿದೆ. ಉಬ್ಬಿ ಮೆತ್ತಗಾಗಿದ್ದರೆ ಸಲ್ಲದ ಎಣ್ಣೆ ಹಾಕಿದ್ದಾರೆ. ಒಂದೇ ಬದಿಗೆ ಸವೆದಿದ್ದರೆ ರಾಡು ಬಾಗಿರಬಹುದು ಅಥವಾ ಬುಷ್ ಸಡಿಲಾಗಿರಬಹುದು. ಉದ್ದುದ್ದ ಗೀರುಗಳಿದ್ದರೆ ಮಣ್ಣು ಒಳಹೊಕ್ಕಿದೆ. ರಾಡಿನ ಮೇಲೆ ಉಗುರು ಆಡಿಸಿದಾಗ ತಡೆಯುವಂಥ ಗೀರು ಸಿಕ್ಕಿತೆನ್ನಿ, ಹದಿನೈದು ದಿನಕ್ಕೆ ಸೀಲು ಏಕೆ ಹೋಯಿತೆಂಬುದು ತಿಳಿದಂತೆಯೇ. ಮಳೆಯಲ್ಲಿ ಚಾಚಿಕೊಂಡೇ ನಿಂತ ರಾಡಿನ ಕ್ರೋಮ್ ಲೇಪ ತುಕ್ಕಿನಿಂದ ಎದ್ದು ಅರದಂತಾಗಿರುತ್ತದೆ. ಆಗ ಬೇಕಾದದ್ದು ರಾಡಿಗೆ ಮರು ಕ್ರೋಮ್ ಇಲ್ಲವೆ ಹೊಸ ರಾಡು. ಇದು ಮಾಲೀಕನಿಗೆ ಹಿಡಿಸದ ಮಾತು. ಆದರೂ ಬಿಚ್ಚಿದ ದಿನವೇ ಹೇಳಬೇಕಾದ ಮಾತು.

ಎತ್ತಿದ ಬಕೆಟ್ ತಾನಾಗಿಯೇ ಇಳಿಯುತ್ತಿದ್ದರೆ? ಒಳಗಿನ ಪಿಸ್ಟನ್ ಸೀಲು ಹೋಗಿದೆಯೆಂದು ಹಲವರು ಕೂಡಲೇ ತೀರ್ಪು ಕೊಡುತ್ತಾರೆ. ಸ್ವಲ್ಪ ತಾಳಬೇಕು. ಎರಡೂ ಪೈಪುಗಳ ದಾರಿ ಸರಿಯಾಗಿ ಮುಚ್ಚಿದ್ದರೆ, ಪಿಸ್ಟನ್ನಿನ ಕೆಳಗಿಂದ ನುಸುಳಿದ ಎಣ್ಣೆ ಮೇಲ್ಭಾಗದಲ್ಲೇ ತಂಗಬೇಕು. ಅಲ್ಲಿ ರಾಡು ಜಾಗ ಹಿಡಿದಿರುವುದರಿಂದ ಅಷ್ಟೂ ಎಣ್ಣೆಗೆ ಇಂಬಿಲ್ಲ. ಹಾಗಾಗಿ ಬಕೆಟ್ ಹೆಚ್ಚು ಇಳಿಯಲಾರದು. ಸರಾಗವಾಗಿ ಇಳಿಯುತ್ತಿದ್ದರೆ ಕಂಟ್ರೋಲ್ ವಾಲ್ವನ್ನೂ ಶಂಕಿಸಬೇಕು. ಸಿಲಿಂಡರ್ ಬಿಚ್ಚಿ ಸಾವಿರಾರು ರೂಪಾಯಿ ಸುರಿದ ಮೇಲೆ ತಪ್ಪು ವಾಲ್ವಿನದೆಂದು ತಿಳಿದರೆ ಯಾರಿಗೆ ಹೇಳುವುದು?

ಇನ್ನು ಪ್ರಾಣದ ಮಾತು. ತರಬೇತಿಗೆ ಸೇರಿದ ಹುಡುಗರು ಉತ್ಸಾಹದಲ್ಲಿ ಎತ್ತಿದ ಬಕೆಟ್ಟಿನಡಿ ನುಗ್ಗುವುದುಂಟು. ಎಣ್ಣೆಯ ಮೇಲೆ ನಿಂತ ಭಾರವನ್ನು ನಂಬಬಾರದು. ಬಕೆಟ್ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಉಳಿದ ಒತ್ತಡ ಕಳೆದ ಮೇಲೆಯೇ ಪಾನಾ ಹಿಡಿಯಬೇಕು. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅದನ್ನು ಬೆರಳಿನಿಂದ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಆ ವೇಗದ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಆರಂಭದಲ್ಲಿ ನೋವೂ ಕಡಿಮೆ. ಅರಿಶಿನ ಹಚ್ಚಿ ಕೂತರೆ ಬೆರಳು, ಕೆಲವೊಮ್ಮೆ ಕೈಯೇ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಮಗನನ್ನು ಗ್ಯಾರೇಜಿಗೋ ಐಟಿಐಗೋ ಕಳಿಸುವ ತಂದೆತಾಯಿ ಸಂಬಳದ ಮಾತಿಗೆ ಮೊದಲು ಕೇಳಬೇಕಾದದ್ದು, ಅಲ್ಲಿ ಇದನ್ನು ಕಲಿಸುತ್ತಾರೆಯೇ ಎಂದು.

ಜೋಡಣೆಯಲ್ಲಿ ಶುಚಿಯೇ ಮುಖ್ಯ. ಬಿಚ್ಚುವ ಮೊದಲೇ ಸಿಲಿಂಡರ್ ತೊಳೆಯಬೇಕು, ಪೈಪಿನ ಬಾಯಿಗಳನ್ನು ಮುಚ್ಚಬೇಕು. ಸೀಲನ್ನು ಬೆಚ್ಚನೆಯ ಎಣ್ಣೆಯಲ್ಲಿಟ್ಟು ಮೆತ್ತಗಾಗಿಸಿ, ಮರೆಯ ಹರಿತ ಅಂಚುಗಳಿಗೆ ತೆಳು ಹಾಳೆ ಸುತ್ತಿ ದಾಟಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಿದ ಸೀಲು ಅಂದೇ ಗಾಯಗೊಂಡಿರುತ್ತದೆ. ಎಣ್ಣೆ ತುಂಬಿದ ಮೇಲೆ ಭಾರವಿಲ್ಲದೆ ನಾಲ್ಕಾರು ಸಲ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಒಳಗಿನ ಗಾಳಿ ಹೊರಡುತ್ತದೆ.

ಆಮೇಲೆ ಬಕೆಟ್ಟಿಗೆ ಭಾರ ಹಾಕಿ, ನೆಲದಿಂದ ಗೇಣುದ್ದವಷ್ಟೇ ಎತ್ತಿ, ಎಂಜಿನ್ ನಿಲ್ಲಿಸಿ, ರಾಡಿನ ಮೇಲೆ ಸೀಮೆಸುಣ್ಣದ ಗೀಟೆಳೆದು ಚಹಾ ಕುಡಿದು ಬರಬೇಕು. ಅರ್ಧ ಗಂಟೆಯ ಮೇಲೂ ಗೀಟು ಇದ್ದಲ್ಲೇ ಇದ್ದು, ರಾಡಿನ ಬುಡ ಒಣಗಿದ್ದರೆ ಟ್ರ್ಯಾಕ್ಟರ್ ಊರಿಗೆ ಹೊರಡಬಹುದು.