ಒಂದು ಬಸ್ಸಿನ ಉದ್ದ

ಸೆಕೆಂಡಿಗೆ ಒಂದರಂತೆ ಮತ ಎಣಿಸುತ್ತ ಕೂತಿದ್ದೀರಿ ಎಂದುಕೊಳ್ಳಿ. ಊಟವಿಲ್ಲ, ನಿದ್ದೆಯಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. 2000ನೇ ಇಸವಿಯ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ಎಂಬ ಒಂದೇ ರಾಜ್ಯದಲ್ಲಿ ಲೆಕ್ಕಕ್ಕೆ ಬಂದ ಮತಗಳನ್ನು ಎಣಿಸಿ ಮುಗಿಸಲು ನಿಮಗೆ 69 ಹಗಲು, 69 ರಾತ್ರಿ ಹಿಡಿಯುತ್ತದೆ. ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ವ್ಯತ್ಯಾಸವನ್ನಷ್ಟೇ ಎಣಿಸಿ ಎಂದರೆ ಒಂಬತ್ತು ನಿಮಿಷವೂ ತುಂಬುವುದಿಲ್ಲ. ಬಿಸಿ ಕಾಫಿ ಆರಿಸಿಕೊಂಡು ಕುಡಿಯುವ ಹೊತ್ತು.

ಜಾರ್ಜ್ ಬುಷ್ 29,12,790. ಅಲ್ ಗೋರ್ 29,12,253. ಅಂತರ 537.

ಇಂಥ ಗೆಲುವಿಗೆ ನಮ್ಮ ಪತ್ರಿಕೆಗಳು ‘ಕೂದಲೆಳೆಯ ಅಂತರ’ ಎಂಬ ಮಾತನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತವೆ. ಅದನ್ನು ಓದಿ ಓದಿ ನಮಗೂ ಅಂಥ ಕೂದಲು ಕಾಣುವುದೇ ನಿಂತುಹೋಗಿದೆ. ಆದ್ದರಿಂದ ಬೇರೆ ರೀತಿ ಅಳೆಯೋಣ. ಫ್ಲೋರಿಡಾದಲ್ಲಿ ಬಿದ್ದ ಸುಮಾರು 59.6 ಲಕ್ಷ ಮತಗಳನ್ನು ಬೆಂಗಳೂರಿನಿಂದ ಮೈಸೂರಿನವರೆಗಿನ ರಸ್ತೆ ಎಂದು ಭಾವಿಸಿದರೆ, 537 ಮತ ಆ ರಸ್ತೆಯಲ್ಲಿ ಓಡುವ ಒಂದು ಬಸ್ಸಿನ ಉದ್ದ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ದಾಟಿ ಬಂದ ಮೇಲೆ, ಯಾರು ಮೊದಲು ಮೈಸೂರು ಮುಟ್ಟಿದರು ಎಂಬುದು ಬಸ್ಸಿನ ಮೂತಿಗೂ ಬಾಲಕ್ಕೂ ಇರುವ ದೂರದಲ್ಲಿ ತೀರ್ಮಾನವಾದ ಹಾಗೆ.

ಅದರ ಬೆಲೆಯೋ? ಅಧ್ಯಕ್ಷರಾಗಲು, ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟೆಂದು ಹಂಚಿರುವ ಎಲೆಕ್ಟೋರಲ್ ಮತಗಳಲ್ಲಿ 270 ಬೇಕು. ಫ್ಲೋರಿಡಾದಲ್ಲಿದ್ದದ್ದು 25. ರಾಜ್ಯ ಗೆದ್ದವರಿಗೆ ಇಪ್ಪತ್ತೈದೂ ಹೋಗುತ್ತವೆ, ಸೋತವರಿಗೆ ಒಂದೂ ಇಲ್ಲ. ಅವು ಸೇರಿ ಬುಷ್ ಅವರದು 271 ಆಯಿತು. ದೇಶದ ಒಟ್ಟು ಮತಗಳಲ್ಲಿ ಮುಂದಿದ್ದವರು ಗೋರ್. ಅದೂ 5,43,895 ಮತಗಳಿಂದ. ಫ್ಲೋರಿಡಾದ ಅಂತರಕ್ಕಿಂತ ಸಾವಿರ ಪಟ್ಟು ದೊಡ್ಡ ಮುನ್ನಡೆ ಅದು, ಆದರೂ ಕೆಲಸಕ್ಕೆ ಬರಲಿಲ್ಲ.

ಆ ರಾಜ್ಯದ ಮತಪತ್ರದಲ್ಲಿ ಒಟ್ಟು ಹತ್ತು ಅಭ್ಯರ್ಥಿಗಳಿದ್ದರು. ಗ್ರೀನ್ ಪಕ್ಷದ ರಾಲ್ಫ್ ನೇಡರ್ 97,488 ಮತ ಪಡೆದರು. ‘ನೇಡರ್ ನಿಲ್ಲದಿದ್ದರೆ’ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಕಣ್ಣು ನಿಲ್ಲುವುದು ಪಟ್ಟಿಯ ಕೆಳತುದಿಯಲ್ಲಿ. ಮಹರ್ಷಿ ಮಹೇಶ ಯೋಗಿಯವರ ಧ್ಯಾನಪಂಥದ ಅನುಯಾಯಿ, ಭೌತವಿಜ್ಞಾನಿ ಜಾನ್ ಹೇಗಲಿನ್ ಅವರಿಗೆ 2,281 ಮತ. ಸೋಷಿಯಲಿಸ್ಟ್ ಪಕ್ಷದ ಡೇವಿಡ್ ಮೆಕ್‌ರೆನಾಲ್ಡ್ಸ್ ಅವರಿಗೆ 622. ಎಲ್ಲರಿಗಿಂತ ಕೊನೆಯವರಾದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್ ಅವರಿಗೆ 562. ಅಂದರೆ ಕಟ್ಟಕಡೆಗೆ ನಿಂತವರ ಬುಟ್ಟಿಯಲ್ಲೂ ಅಮೆರಿಕದ ಅಧ್ಯಕ್ಷಗಿರಿಗೆ ಸಾಲುವಷ್ಟು ಮತ ಇತ್ತು, ಮೇಲೆ 25 ಉಳಿಯುತ್ತಿತ್ತು ಕೂಡ.

ನವೆಂಬರ್ 7ರ ರಾತ್ರಿ ಇದೇ ಹ್ಯಾರಿಸ್ ಸ್ವಲ್ಪ ಹೊತ್ತು ವೊಲೂಸಿಯಾ ಎಂಬ ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಸುಮಾರು ಹತ್ತು ಸಾವಿರ ಮತಗಳ ಒಡೆಯರಾಗಿದ್ದರು. ಅದೇ ಗಳಿಗೆಯಲ್ಲಿ ಗೋರ್ ಅವರ ಮೊತ್ತದಿಂದ 16,022 ಮತ ಕಳೆದುಹೋಯಿತು. ಬಂದ ಮತ ಹಿಂದಕ್ಕೆ ಹೋಗುವುದುಂಟೇ? ಹೋಯಿತು. ಇದೆಲ್ಲ ನಡೆದದ್ದು ಅಜಮಾಸು ಆರುನೂರು ಮತದಾರರಿದ್ದ ಒಂದು ಮತಗಟ್ಟೆಯ ಲೆಕ್ಕ ಕಂಪ್ಯೂಟರಿಗೆ ಏರಿದಾಗ. ಅಧಿಕಾರಿಗಳು ತಪ್ಪನ್ನು ಹಿಡಿದು ತಿದ್ದಿದರು. ಆದರೆ ಅಷ್ಟರಲ್ಲಿ ಟಿವಿಯವರ ಪರದೆ ಮೇಲೆ ಬುಷ್ ಮುನ್ನಡೆ ಉಬ್ಬಿ ಕಂಡಿತ್ತು. ಸಂಜೆ ಗೋರ್ ಗೆದ್ದರು ಎಂದು ಸಾರಿ ರಾತ್ರಿ ಹತ್ತರ ಹೊತ್ತಿಗೆ ಅದನ್ನು ವಾಪಸು ಪಡೆದಿದ್ದ ವಾಹಿನಿಗಳು, ನಡುರಾತ್ರಿ ಎರಡು ದಾಟಿದ ಮೇಲೆ ಬುಷ್ ಗೆದ್ದರು ಎಂದವು. ಗೋರ್ ಫೋನು ಮಾಡಿ ಅಭಿನಂದನೆ ಹೇಳಿ, ಬೆಂಬಲಿಗರ ಮುಂದೆ ಸೋಲೊಪ್ಪಿಕೊಳ್ಳಲು ಕಾರಿನಲ್ಲಿ ಹೊರಟೂ ಬಿಟ್ಟರು. ದಾರಿಯಲ್ಲಿ ಅಂತರ ಕರಗುತ್ತಿದೆ ಎಂಬ ಸುದ್ದಿ ಬಂತು. ಮತ್ತೆ ಫೋನು ಮಾಡಿ, ಆಗಲೇ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಬೆಳಗಾಗುವ ಮೊದಲೇ ವಾಹಿನಿಗಳೂ ತಮ್ಮ ಎರಡನೇ ಘೋಷಣೆಯನ್ನು ನುಂಗಿಕೊಂಡವು.

ಮೊದಲ ಎಣಿಕೆಯ ಅಂತರ 1,784. ಶೇಕಡಾ ಅರ್ಧಕ್ಕಿಂತ ಕಡಿಮೆ ಅಂತರವಿದ್ದರೆ ಯಂತ್ರದಲ್ಲಿ ಮತ್ತೆ ಎಣಿಸಬೇಕೆಂದು ಅಲ್ಲಿಯ ಕಾನೂನು. ಎಣಿಸಿದರು, 300ಕ್ಕೆ ಇಳಿಯಿತು. ಹೊರದೇಶದಿಂದ ಅಂಚೆಯಲ್ಲಿ ಬಂದ ಮತ ಸೇರಿಸಿದರು, 930ಕ್ಕೆ ಏರಿತು. ಬ್ರೋವಾರ್ಡ್ ಕೌಂಟಿಯಲ್ಲಿ ಕೈಯಿಂದ ಎಣಿಸಿದ ಲೆಕ್ಕ ಬಂತು, ನವೆಂಬರ್ 26ಕ್ಕೆ 537 ಆಯಿತು. ಅವತ್ತು ಸಂಜೆ ಐದಕ್ಕೆ ಬಾಗಿಲು ಮುಚ್ಚಿದ್ದರಿಂದ ಅದೇ ಉಳಿಯಿತು. ಪಾಮ್ ಬೀಚ್ ಕೌಂಟಿಯವರು ಎಣಿಕೆ ಮುಗಿಸಿದ್ದು ಸುಮಾರು ಎರಡು ಗಂಟೆ ತಡವಾಗಿ. ಅವರ ಶ್ರಮ ಲೆಕ್ಕಕ್ಕೆ ಬರಲಿಲ್ಲ.

ಪಾಮ್ ಬೀಚ್‌ನ ಕಥೆಯೇ ಬೇರೆ. ಅಲ್ಲಿ ವಯಸ್ಸಾದವರು ಬಹಳ. ಹತ್ತು ಹೆಸರುಗಳನ್ನು ಒಂದೇ ಪುಟದಲ್ಲಿ ತುರುಕಿದರೆ ಅಕ್ಷರ ಚಿಕ್ಕದಾಗಿ ಅಜ್ಜ ಅಜ್ಜಿಯರಿಗೆ ಕಾಣುವುದಿಲ್ಲವೆಂದು, ಚುನಾವಣಾಧಿಕಾರಿ ಹೆಸರುಗಳನ್ನು ಎಡಬಲ ಎರಡು ಪುಟಕ್ಕೆ ಹರಡಿ, ಚುಚ್ಚಬೇಕಾದ ತೂತುಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟರು. ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕಂಡಿದ್ದರಿಂದ ‘ಬಟರ್‌ಫ್ಲೈ’ ಎಂಬ ಹೆಸರು ಬಂತು. ಎಡಪುಟದಲ್ಲಿ ಮೊದಲು ಬುಷ್, ಅವರ ಕೆಳಗೆ ಗೋರ್. ಬಲಪುಟದಲ್ಲಿ ಮೊದಲು ಪ್ಯಾಟ್ ಬುಕಾನನ್. ನಡುವಿನ ಸಾಲಿನ ಮೊದಲ ತೂತು ಬುಷ್‌ಗೆ, ಎರಡನೆಯದು ಬುಕಾನನ್‌ಗೆ, ಮೂರನೆಯದು ಗೋರ್‌ಗೆ. ಎಡಪುಟವನ್ನಷ್ಟೇ ಓದಿ ‘ನಮ್ಮವರು ಎರಡನೆಯವರು’ ಎಂದು ಎರಡನೇ ತೂತು ಚುಚ್ಚಿದರೆ ಮತ ಬುಕಾನನ್ ಪಾಲು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದು ಇದಕ್ಕೇ.

ಕಟ್ಟಾ ಬಲಪಂಥೀಯರಾದ ಬುಕಾನನ್‌ಗೆ ಆ ಕೌಂಟಿಯಲ್ಲಿ ಸುಮಾರು 3,400 ಮತ ಬಂತು. ಅದಕ್ಕಿಂತ ದೊಡ್ಡ ಕೌಂಟಿಗಳಾದ ಪಕ್ಕದ ಬ್ರೋವಾರ್ಡ್‌ನಲ್ಲಿ ಎಂಟುನೂರು ದಾಟಲಿಲ್ಲ, ಮಯಾಮಿ-ಡೇಡ್‌ನಲ್ಲಿ ಆರುನೂರೂ ಆಗಲಿಲ್ಲ. ಇವೆಲ್ಲ ನನ್ನ ಮತಗಳಲ್ಲ ಎಂದು ಖುದ್ದು ಬುಕಾನನ್ನರೇ ಟಿವಿಯಲ್ಲಿ ಒಪ್ಪಿಕೊಂಡರು. ಎರಡೆರಡು ತೂತು ಚುಚ್ಚಿ ತಿರಸ್ಕೃತವಾದ ಕಾರ್ಡುಗಳು ಅದೊಂದೇ ಕೌಂಟಿಯಲ್ಲಿ 19 ಸಾವಿರ ದಾಟಿದವು. ಅವುಗಳ ಪೈಕಿ ಗೋರ್, ಬುಕಾನನ್ ಇಬ್ಬರಿಗೂ ಚುಚ್ಚಿದವೇ 5 ಸಾವಿರಕ್ಕಿಂತ ಹೆಚ್ಚು. ಚಿನ್ನವನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಇಟ್ಟು ಗುಲಗಂಜಿ ಲೆಕ್ಕ ಕೇಳುತ್ತಿದ್ದರು ಎಂದು ನನಗೆ ಅನ್ನಿಸುವುದು ಇಲ್ಲಿ. ಯಾರೋ ಮತ ಕದ್ದರು ಎಂದು ಎರಡೂ ಕಡೆಯವರು ಕೂಗಿದರು. ಕದಿಯುವವನಿಗೂ ಎಷ್ಟು ಕದ್ದರೆ ಸಾಕೆಂದು ಗೊತ್ತಿರಬೇಕಲ್ಲ! ಆ ತಕ್ಕಡಿಗೆ 537ರಷ್ಟು ಸಣ್ಣದು ಕಾಣುತ್ತಲೇ ಇರಲಿಲ್ಲ.

ಕಾರ್ಡನ್ನೇ ಹತ್ತಿರದಿಂದ ನೋಡಿ. ಗಟ್ಟಿ ಕಾಗದದ ಮೇಲೆ ಎಳ್ಳುಕಾಳಿನಷ್ಟು ಚಿಕ್ಕ ಚೌಕಗಳು. ಬೇಕಾದ ಚೌಕದ ಮೇಲೆ ಕಡ್ಡಿ ಒತ್ತಿದರೆ ಅದು ಕಳಚಿ ಬೀಳಬೇಕು. ಹಾಗೆ ಬೀಳುವ ಚೂರಿಗೆ ‘ಚಾಡ್’ ಎಂದು ಹೆಸರು. ಬೀಳದಿದ್ದರೆ? ಒಂದು ಮೂಲೆಯಲ್ಲಿ ಜೋತಾಡುವ ಚಾಡ್, ಎರಡು ಮೂಲೆಯಲ್ಲಿ ಬಾಗಿಲಿನಂತೆ ತೂಗಾಡುವ ಚಾಡ್, ಮೂರು ಮೂಲೆ ಬಿಡದ ಚಾಡ್, ನಾಲ್ಕೂ ಮೂಲೆ ಭದ್ರವಾಗಿದ್ದು ಹೊಟ್ಟೆಯಷ್ಟೇ ಉಬ್ಬಿದ ‘ಬಸುರಿ’ ಚಾಡ್. ಇದರಲ್ಲಿ ಯಾವುದು ಮತ, ಯಾವುದು ಅಲ್ಲ ಎಂಬುದಕ್ಕೆ ಒಂದೊಂದು ಕೌಂಟಿಯಲ್ಲಿ ಒಂದೊಂದು ಅಳತೆ. ಬ್ರೋವಾರ್ಡ್‌ನ ನ್ಯಾಯಾಧೀಶ ರಾಬರ್ಟ್ ರೋಸನ್‌ಬರ್ಗ್ ಕನ್ನಡಕವನ್ನು ಹಣೆಗೇರಿಸಿ, ಭೂತಗನ್ನಡಿ ಹಿಡಿದು, ಕಣ್ಣು ಕಿತ್ತುಬರುವ ಹಾಗೆ ಕಾರ್ಡನ್ನು ದಿಟ್ಟಿಸುತ್ತಿರುವ ಫೋಟೊ ಲೋಕವೆಲ್ಲ ಸುತ್ತಿತು. ಇನ್ನೊಂದು ಪೇಚೆಂದರೆ, ಕಾರ್ಡನ್ನು ಮುಟ್ಟಿದಷ್ಟೂ, ಯಂತ್ರಕ್ಕೆ ಹಾಕಿದಷ್ಟೂ ಸಡಿಲ ಚಾಡ್‌ಗಳು ಉದುರುತ್ತಿದ್ದವು. ಎಣಿಸುವ ಕೆಲಸವೇ ಎಣಿಸಬೇಕಾದ ವಸ್ತುವನ್ನು ತಿದ್ದುತ್ತಿತ್ತು.

ಮರುಎಣಿಕೆ ಕೋರಿ ಗೋರ್ ಹೂಡಿದ್ದ ಮೊಕದ್ದಮೆಗಾಗಿ ನವೆಂಬರ್ 30ರಂದು ಪಾಮ್ ಬೀಚ್‌ನಿಂದ ರಾಜಧಾನಿ ಟಾಲಹಾಸಿಗೆ ಹಳದಿ ಬಣ್ಣದ ಒಂದು ಬಾಡಿಗೆ ಲಾರಿ ಹೊರಟಿತು. ಒಳಗೆ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಮತಪತ್ರ. ಹಿಂದೆ ಮುಂದೆ ಪೊಲೀಸರು, ಮೇಲೆ ಟಿವಿ ಹೆಲಿಕಾಪ್ಟರುಗಳು. ಆರುನೂರು ಕಿಲೋಮೀಟರಿಗೂ ಮಿಕ್ಕಿದ ಆ ಪಯಣವನ್ನು ದೇಶ ನೇರಪ್ರಸಾರದಲ್ಲಿ ನೋಡಿತು. ಮಯಾಮಿ-ಡೇಡ್‌ನ ಕಾರ್ಡುಗಳೂ ಬಂದು ಸೇರಿ ಒಟ್ಟು ಹತ್ತು ಲಕ್ಷ ದಾಟಿದವು. ಡಿಸೆಂಬರ್ 4ರಂದು ಅಲ್ಲಿಯ ನ್ಯಾಯಾಧೀಶರು ಗೋರ್ ವಿರುದ್ಧ ತೀರ್ಪು ಕೊಟ್ಟರು, ಒಂದೇ ಒಂದು ಕಾರ್ಡನ್ನೂ ಬಿಚ್ಚಿ ನೋಡದೆ.

ಆಮೇಲಿನದು ಬೇಗ ಮುಗಿಯಿತು. ಡಿಸೆಂಬರ್ 8ರಂದು ರಾಜ್ಯದ ಸುಪ್ರೀಂ ಕೋರ್ಟ್ 4-3ರಿಂದ ಎಣಿಕೆ ಮುಂದುವರಿಯಲಿ ಎಂದಿತು. ಮರುದಿನವೇ ದೇಶದ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. 12ನೇ ತಾರೀಕು 5-4ರಿಂದ ಪೂರ್ತಿ ನಿಲ್ಲಿಸಿತು. ಹತ್ತು ಕೋಟಿಗೂ ಹೆಚ್ಚು ಜನ ಹಾಕಿದ ಮತದ ಜಗಳ ಕೊನೆಗೆ ಒಂದು ಮತದ ಅಂತರದಲ್ಲಿ ಇತ್ಯರ್ಥವಾಯಿತು. 13ರಂದು ಗೋರ್ ಸೋಲೊಪ್ಪಿಕೊಂಡರು. ಮತದಾನವಾಗಿ 36 ದಿನ ಆಗಿತ್ತು.

ಮುಂದಿನ ವರ್ಷ ದೊಡ್ಡ ಪತ್ರಿಕೆಗಳೆಲ್ಲ ಸೇರಿ, ಷಿಕಾಗೋದ ಸಂಶೋಧನಾ ಸಂಸ್ಥೆಯೊಂದರಿಂದ ತಿರಸ್ಕೃತವಾಗಿದ್ದ 1,75,010 ಮತಪತ್ರಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿಸಿದವು. ಗೋರ್ ಕೇಳಿದ್ದ ನಾಲ್ಕು ಕೌಂಟಿಗಳಲ್ಲಿ ಮಾತ್ರ ಎಣಿಸಿದ್ದರೆ ಬುಷ್ ಅವರೇ 225ರಿಂದ ಗೆಲ್ಲುತ್ತಿದ್ದರು. ಗೋರ್ ಕಡೆಯವರು ಕೋರ್ಟಿನಲ್ಲಿ ಕೇಳದೇ ಹೋದ ಒಂದು ದಾರಿಯಿತ್ತು: ಇಡೀ ರಾಜ್ಯದ ತಿರಸ್ಕೃತ ಮತಪತ್ರಗಳೆಲ್ಲವನ್ನೂ ನೋಡುವುದು. ಹಾಗೆ ನೋಡಿದ್ದರೆ ಗೋರ್ ಗೆಲ್ಲುತ್ತಿದ್ದರು. ಎಷ್ಟರಿಂದ ಎಂದರೆ, ಚಾಡ್‌ಗೆ ಯಾವ ಅಳತೆ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ 60ರಿಂದ 171.

ಅದೇ 2000ನೇ ಇಸವಿಯ ಚುನಾವಣೆಯಲ್ಲಿ ನ್ಯೂ ಮೆಕ್ಸಿಕೊ ರಾಜ್ಯವನ್ನು ಗೋರ್ ಗೆದ್ದದ್ದು 366 ಮತಗಳಿಂದ. ಎಣಿಕೆಯಲ್ಲಿ ಫ್ಲೋರಿಡಾಕ್ಕಿಂತಲೂ ಸಣ್ಣ ಅಂತರ. ಅಲ್ಲಿಗೆ ಹೆಲಿಕಾಪ್ಟರ್ ಹೋಗಲಿಲ್ಲ, ಅಲ್ಲಿದ್ದದ್ದು ಐದೇ ಎಲೆಕ್ಟೋರಲ್ ಮತ. ಆ ರಾಜ್ಯದಲ್ಲಿ ಇಬ್ಬರಿಗೂ ಸಮಸಮ ಮತ ಬಂದರೆ ಅದೃಷ್ಟಪರೀಕ್ಷೆಯಿಂದ ತೀರ್ಮಾನಿಸಬೇಕೆಂದು ಕಾನೂನಿದೆ. ಊರಮಟ್ಟದ ಚುನಾವಣೆಗಳಲ್ಲಿ ಹಾಗಾದಾಗ ಇಬ್ಬರು ಅಭ್ಯರ್ಥಿಗಳನ್ನೂ ಮೇಜಿಗೆ ಕೂರಿಸಿ, ಐದೈದು ಇಸ್ಪೀಟೆಲೆ ಹಂಚಿ, ಪೋಕರ್ ಆಡಿಸಿದ್ದೂ ಉಂಟು.